ದಾವಣಗೆರೆಯಿಂದ ಅಂಡಮಾನಿಗೆ ಗುಂಪಾಗಿ ಸ್ಕೂಬಾ: ಹೊರಡೋ ಮೊದಲು ಏನೇನು ನೋಡ್ಕೋಬೇಕು?

ಕುಂದವಾಡ ಏರಿ ಬಳಗ:

ಎಲ್ಲರಿಗೂ ನಮಸ್ಕಾರ. ನಮ್ದು ಕುಂದವಾಡ ಕೆರೆ ಏರಿ ಮೇಲೆ ಬೆಳಗ್ಗೆ ವಾಕಿಂಗ್ ಮಾಡೋ ಬಳಗ. ಬಟ್ಟೆ ಅಂಗಡಿಯವರು, ಕಾಲೇಜು ಮೇಷ್ಟ್ರು, ಬ್ಯಾಂಕಿನವರು, ಅವರವರ ಮನೆಯವರು, ಮಕ್ಕಳು ಎಲ್ಲ ಸೇರಿ ಹದಿನಾಲ್ಕು ಜನ ಫೆಬ್ರವರಿಯಲ್ಲಿ ಅಂಡಮಾನಿಗೆ ಹೊರಟಿದ್ದೇವೆ. ಎಲ್ಲರಿಗೂ ಇರೋದು ಒಂದೇ ಆಸೆ, ಸ್ಕೂಬಾ, ಅಂದ್ರೆ ಬೆನ್ನಿಗೆ ಗಾಳಿ ಸಿಲಿಂಡರ್ ಕಟ್ಕೊಂಡು ಸಮುದ್ರದೊಳಗೆ ಇಳಿಯೋದು.

ಟ್ರಾವೆಲ್ಸ್‌ನವರು ಕೊಟ್ಟ ಪಟ್ಟಿ ಹೀಗಿದೆ. ಮೊದಲು ಪೋರ್ಟ್ ಬ್ಲೇರ್, ಅಂದ್ರೆ ಈಗಿನ ಶ್ರೀ ವಿಜಯ ಪುರಂ. ಅಲ್ಲಿ ಸೆಲ್ಯುಲರ್ ಜೈಲು ನೋಡಿ ನೀಲ್ ದ್ವೀಪ, ಆಮೇಲೆ ಹ್ಯಾವ್‌ಲಾಕ್. ಕೊನೇ ದಿನ ಬೆಳಗ್ಗೆ ಆರೂವರೆಗೆ ಸ್ಕೂಬಾ, ತಿಂಡಿ ಮುಗಿಸಿ ಫೆರಿ, ಮಧ್ಯಾಹ್ನ ಬೆಂಗಳೂರಿನ ವಿಮಾನ, ರಾತ್ರಿ ಬಸ್ಸು ಹಿಡಿದು ಊರು.

ನಮ್ಮ ಅನುಮಾನಗಳು: ಅರ್ಧಕ್ಕರ್ಧ ಜನಕ್ಕೆ ಈಜು ಬರಲ್ಲ, ನಡೆಯುತ್ತಾ? ಬಿಪಿ, ಶುಗರ್ ಇದ್ದವರು ಇಳೀಬಹುದಾ? ಮಕ್ಕಳಿಗೆ ಎಷ್ಟು ವಯಸ್ಸಾಗಿರಬೇಕು? ಇಷ್ಟು ದೂರ ಹೋಗೋ ಬದಲು ಮುರುಡೇಶ್ವರದ ನೇತ್ರಾಣಿ ದ್ವೀಪವೇ ಸಾಕು ಅಂತ ಕೆಲವರು ಅಂತಾರೆ, ಅದು ಹೇಗೆ? ಗೊತ್ತಿದ್ದವರು ದಯವಿಟ್ಟು ಬರೀರಿ.

ಹರಿಹರ ಹೊಳೆದಂಡೆ:

ಅಣ್ಣಾರ, ಈಜು ಬರೋರಿಗೆ ಚಿಂತಿನೇ ಇಲ್ಲ. ನಾವು ಸಣ್ಣೋರಿದ್ದಾಗಿಂದ ತುಂಗಭದ್ರೆಯಾಗೆ ಬಿದ್ದು ಬೆಳೆದೋರು. ಉಸಿರು ಕಟ್ಟಿ ಮುಳುಗಿದ್ರೆ ತಳದ ಮಳ್ಳು ಮುಟ್ಟಿ ಬರ್ತಿದ್ವಿ. ಈಜು ಬರದೋರ್ನ ಮಾತ್ರ ಕರ್ಕೊಂಡು ಹೋಗ್ಬೇಡ್ರಿ, ಮ್ಯಾಲೆ ಬೋಟಿನಾಗೆ ಕುಂತ್ಕೊಳ್ಳಿ.

ಕೋಟೆನಾಡ ಡೈವರ್:

ನನ್ನೂರು ಚಿತ್ರದುರ್ಗ. ಸೀಸನ್ನಿನಲ್ಲಿ ಹ್ಯಾವ್‌ಲಾಕ್‌ನಲ್ಲಿ ಡೈವಿಂಗ್ ಇನ್‌ಸ್ಟ್ರಕ್ಟರ್ ಕೆಲಸ ಮಾಡ್ತೀನಿ. ಸರ್, ನಿಮ್ಮ ಉಳಿದ ಪ್ರಶ್ನೆಗಳಿಗೆ ಆಮೇಲೆ ಬರ್ತೀನಿ, ಮೊದಲು ಆ ಪಟ್ಟಿ ಬದಲಾಯಿಸಿ. ಡೈವ್ ಮಾಡಿದ ದಿನವೇ ವಿಮಾನ ಹತ್ತಬಾರದು.

ಕಾರಣ ಇಷ್ಟೇ. ಬೆನ್ನ ಮೇಲಿನ ಸಿಲಿಂಡರಿನಲ್ಲಿ ಇರೋದು ಆಸ್ಪತ್ರೆಯ ಆಕ್ಸಿಜನ್ ಅಲ್ಲ, ಸೋಸಿ ಒತ್ತಿ ತುಂಬಿದ ಮಾಮೂಲಿ ಗಾಳಿ. ಅದರಲ್ಲಿ ನೂರಕ್ಕೆ 78 ಪಾಲು ಸಾರಜನಕ. 10 ಮೀಟರ್ ಕೆಳಗೆ ಒತ್ತಡ ದಡದಲ್ಲಿರೋದಕ್ಕಿಂತ ಎರಡರಷ್ಟು, 20 ಮೀಟರಿಗೆ ಮೂರರಷ್ಟು. ಆ ಒತ್ತಡದಲ್ಲಿ ಉಸಿರಾಡಿದ ಸಾರಜನಕ ರಕ್ತದಲ್ಲಿ, ಕೊಬ್ಬಿನಲ್ಲಿ ಕರಗಿ ಕೂರುತ್ತೆ. ಮೇಲೆ ಬಂದ ಮೇಲೆ ಗಂಟೆಗಟ್ಟಲೆ ನಿಧಾನವಾಗಿ ಉಸಿರಿನ ಜೊತೆ ಹೊರಗೆ ಹೋಗುತ್ತೆ. ಅದು ಹೋಗೋ ಮೊದಲೇ ವಿಮಾನ ಹತ್ತಿದ್ರೆ ಕ್ಯಾಬಿನ್ನಿನ ಕಡಿಮೆ ಒತ್ತಡದಲ್ಲಿ ಒಳಗೇ ಗುಳ್ಳೆ ಕಟ್ಟಬಹುದು. ಕೀಲು ನೋವು, ಜುಮ್ಮು, ವಿಪರೀತ ಸುಸ್ತು, ಜಾಸ್ತಿಯಾದ್ರೆ ಕೈಕಾಲು ಸ್ವಾಧೀನ ತಪ್ಪೋವರೆಗೂ ಹೋಗುತ್ತೆ. ಡೈವರ್‌ಗಳ ಸುರಕ್ಷತೆ ನೋಡ್ಕೊಳ್ಳೋ ಅಂತರರಾಷ್ಟ್ರೀಯ ಸಂಸ್ಥೆ ಡ್ಯಾನ್ ಹೇಳೋ ಲೆಕ್ಕ: ಒಂದೇ ಡೈವ್ ಆದ್ರೆ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚು ಮಾಡಿದ್ರೆ ಕನಿಷ್ಠ 18 ಗಂಟೆ ಬಿಟ್ಟು ವಿಮಾನ ಹತ್ತಬೇಕು. ನಾನು ನನ್ನ ಗುಂಪುಗಳಿಗೆ ಹೇಳೋದು ಒಂದು ಪೂರ್ತಿ ದಿನ ಬಿಡಿ ಅಂತ.

ಸೆಲ್ಯುಲರ್ ಜೈಲನ್ನ ಕೊನೆಗೆ ತಳ್ಳಿ, ಹ್ಯಾವ್‌ಲಾಕನ್ನ ಮುಂದಕ್ಕೆ ತನ್ನಿ. ಇಳಿದ ದಿನವೇ ಫೆರಿ ಹತ್ತಿ ಹ್ಯಾವ್‌ಲಾಕ್‌ಗೆ ಹೋಗಿ, ಮರುದಿನ ಡೈವ್ ಮಾಡಿ, ಆಮೇಲೆ ನೀಲ್, ಕೊನೆಗೆ ಪೋರ್ಟ್ ಬ್ಲೇರ್. ಅದೇ ಹೋಟೆಲು, ಅದೇ ಫೆರಿ, ತಿರುವುಮುರುವು ಅಷ್ಟೆ. ಟ್ರಾವೆಲ್ಸ್‌ನವರು ಟಿಕೆಟ್ ಮಾಡಿಸೋ ಮೊದಲೇ ಹೇಳಿಬಿಡಿ. ಇನ್ನೊಂದು ಲಾಭವೂ ಇದೆ. ಗಾಳಿ ಜೋರಾಗಿ ಡೈವ್ ನಿಂತ್ರೆ ಮಾರನೇ ದಿನ ಮಾಡೋಕೆ ಜಾಗ ಇರುತ್ತೆ. ಕೊನೇ ದಿನಕ್ಕೆ ಇಟ್ಕೊಂಡವರಿಗೆ ಸಮುದ್ರ ಕೆಟ್ಟರೆ ಕೈಗೆ ಏನೂ ಸಿಗಲ್ಲ. ಎಷ್ಟೋ ಜನ ದಡದಲ್ಲಿ ನಿಂತು ಕಣ್ಣೀರು ಹಾಕಿದ್ದು ನೋಡಿದ್ದೀನಿ.

ಪಿ.ಜೆ. ಬಡಾವಣೆ:

ಇಷ್ಟೊಂದು ಹೆದರಿಸೋದು ಬೇಕಿಲ್ಲ ಅನ್ಸುತ್ತೆ. ನಮ್ಮ ಭಾವಮೈದ ಬೆಳಗ್ಗೆ ಸ್ಕೂಬಾ ಮಾಡಿ ಅದೇ ಸಂಜೆ ವಿಮಾನದಲ್ಲಿ ಬಂದ, ಏನೂ ಆಗ್ಲಿಲ್ಲ. ಟೂರಿಸ್ಟುಗಳನ್ನ ಇಪ್ಪತ್ತು ನಿಮಿಷ ಮೂವತ್ತಡಿ ಕೆಳಗೆ ಕರ್ಕೊಂಡು ಹೋಗ್ತಾರೆ ಅಷ್ಟೆ.

ಕೋಟೆನಾಡ ಡೈವರ್:

ನಿಮ್ಮ ಭಾವಮೈದ ಚೆನ್ನಾಗಿರೋದು ಸಂತೋಷ. ಕಡಿಮೆ ಆಳ, ಕಡಿಮೆ ಹೊತ್ತು ಇದ್ದಾಗ ಅಪಾಯ ಕಡಿಮೆ ಅನ್ನೋದೂ ನಿಜ. ಆದ್ರೆ ಹದಿನಾಲ್ಕು ಜನರಲ್ಲಿ ಯಾರ ಮೈ ಹೇಗೆ ಅಂತ ಮೊದಲೇ ಹೇಳೋಕಾಗಲ್ಲ. ವಯಸ್ಸು, ತೂಕ, ನೀರು ಕುಡಿಯದೆ ಒಣಗಿದ ಮೈ ಎಲ್ಲ ಲೆಕ್ಕಕ್ಕೆ ಬರುತ್ತೆ. ಒಬ್ಬರಿಗೆ ತೊಂದರೆ ಆದ್ರೂ ಅದಕ್ಕೆ ಬೇಕಾದ ಒತ್ತಡದ ಚೇಂಬರ್, ಅಂದ್ರೆ ರೋಗಿಯನ್ನ ಒಳಗಿಟ್ಟು ಗಾಳಿಯ ಒತ್ತಡ ಏರಿಸೋ ಕೋಣೆ, ಕೇಳಿದ ಕಡೆಯಲ್ಲೆಲ್ಲ ಸಿಗಲ್ಲ. ದಿನ ಅದಲು ಬದಲು ಮಾಡೋಕೆ ಖರ್ಚೇ ಇಲ್ಲದಾಗ ಆ ಗಂಡಾಂತರ ಯಾಕೆ ಮೈಮೇಲೆ ಎಳ್ಕೊಬೇಕು ಸರ್?

ಈಗ ಹರಿಹರದ ಅಣ್ಣನ ಮಾತಿಗೆ ಬರ್ತೀನಿ. ಅಣ್ಣಾ, ಹೊಳೆಯಲ್ಲಿ ಈಜಿ ಬೆಳೆದವರಿಗೆ ನೀರಿನ ಭಯ ಇರಲ್ಲ, ಅದು ದೊಡ್ಡದು. ಆದ್ರೆ ಉಸಿರು ಕಟ್ಟೋ ಅಭ್ಯಾಸ ಇದೆಯಲ್ಲ, ಸ್ಕೂಬಾದಲ್ಲಿ ಅದನ್ನೇ ಬಿಡಿಸೋದು ನಮಗೆ ಕಷ್ಟ. ಹೊಳೆಯಲ್ಲಿ ನೀವು ದಡದ ಮೇಲೆ ಎಳೆದುಕೊಂಡ ಗಾಳಿಯಲ್ಲೇ ಮುಳುಗಿ ಅದೇ ಗಾಳಿಯಲ್ಲಿ ಏಳ್ತೀರಿ. ಇಲ್ಲಿ ಕೆಳಗಡೆಯೇ ಒತ್ತಡದ ಗಾಳಿ ಎಳ್ಕೊತೀರಿ. 10 ಮೀಟರಿನಲ್ಲಿ ಎದೆ ತುಂಬ ಉಸಿರು ಹಿಡ್ಕೊಂಡು ಮೇಲೆ ಬಂದ್ರೆ ಆ ಗಾಳಿ ಎರಡರಷ್ಟು ಹಿಗ್ಗುತ್ತೆ, ಶ್ವಾಸಕೋಶ ಹರಿಯುತ್ತೆ. ಎರಡು ಮೀಟರಿನಿಂದ ಎದ್ರೂ ಈ ಅಪಾಯ ಇದ್ದೇ ಇದೆ. ಅದಕ್ಕೇ ಮೊದಲ ಪಾಠ, ಕೊನೇ ಪಾಠ ಎರಡೂ ಒಂದೇ: ಯಾವತ್ತೂ ಉಸಿರು ಕಟ್ಟಬೇಡಿ, ನಿಧಾನಕ್ಕೆ ಎಳೀರಿ, ನಿಧಾನಕ್ಕೆ ಬಿಡಿ.

ಈಜು ಬರದವರೂ ಮೊದಲ ಸಲದ ಪರಿಚಯ ಡೈವ್ ಮಾಡಬಹುದು. ಇನ್‌ಸ್ಟ್ರಕ್ಟರ್ ನಿಮ್ಮ ಟ್ಯಾಂಕ್ ಹಿಡ್ಕೊಂಡೇ ಇರ್ತಾರೆ, ತೇಲಿಸೋ ಜಾಕೆಟ್‌ಗೆ ಗಾಳಿ ತುಂಬೋದು ಬಿಡೋದು ಅವರದೇ ಕೆಲಸ. ಅದರ ಗಡಿ 12 ಮೀಟರ್. ಮಕ್ಕಳಿಗೆ ಹತ್ತು ವರ್ಷ ತುಂಬಿರಬೇಕು. ಬುಕ್ ಮಾಡುವಾಗ ಬೇರೆಲ್ಲಕ್ಕಿಂತ ಮೊದಲು ಕೇಳಬೇಕಾದ್ದು, ಒಬ್ಬ ಇನ್‌ಸ್ಟ್ರಕ್ಟರ್‌ಗೆ ಎಷ್ಟು ಜನ ಅಂತ. ಈಜು ಬರದವರಿಗೆ ಒಬ್ಬರಿಗೆ ಒಬ್ಬರು ಅಂತ ಒಪ್ಪಿಸಿಕೊಳ್ಳಿ. ಬೋಟಿನಲ್ಲಿ ಅಥವಾ ದಡದಲ್ಲಿ ತುರ್ತು ಆಕ್ಸಿಜನ್ ಕಿಟ್ ಇದೆಯಾ ಅಂತಲೂ ಕೇಳಿ. ಫೋಟೋ ವಿಡಿಯೋ ಫ್ರೀ ಅನ್ನೋದೊಂದನ್ನೇ ಹೇಳಿ ಈ ಎರಡು ಪ್ರಶ್ನೆಗೆ ಉತ್ತರ ತಪ್ಪಿಸೋರ ಹತ್ರ ಹೋಗಬೇಡಿ.

ಕಿವಿ ಮೂಗು ಗಂಟಲು:

ನಾನು ಇಎನ್‌ಟಿ ವೈದ್ಯೆ, ಇದೇ ಊರಿನಲ್ಲಿ ಪ್ರಾಕ್ಟೀಸ್. ಕೋಟೆನಾಡಿನವರು ವಿಮಾನದ ಬಗ್ಗೆ ಹೇಳಿದ್ದು ಸರಿ. ಆದ್ರೆ ಪ್ರವಾಸಿಗರಿಗೆ ಡೈವಿಂಗಿನಿಂದ ಆಗೋ ತೊಂದರೆಯಲ್ಲಿ ನನ್ನ ಹತ್ರ ಬರೋದು ಹೆಚ್ಚಾಗಿ ಕಿವಿಯದೇ.

ಕಿವಿ ತಮಟೆಯ ಹಿಂದೆ ಸಣ್ಣ ಗಾಳಿಗೂಡು ಇದೆ. ಅದು ಒಂದು ಕೊಳವೆಯಿಂದ ಮೂಗಿನ ಹಿಂಭಾಗಕ್ಕೆ ಸೇರಿದೆ. ನೀರಲ್ಲಿ ಇಳಿದಂತೆ ಒತ್ತಡ ತಮಟೆಯನ್ನ ಒಳಗೆ ತಳ್ಳುತ್ತೆ. ಮೂಗು ಹಿಡಿದು, ಬಾಯಿ ಮುಚ್ಚಿ ಮೆಲ್ಲಗೆ ಊದಿದ್ರೆ ಆ ಕೊಳವೆ ತೆರೆದು ಸಮ ಆಗುತ್ತೆ. ಇದನ್ನ ನೋವು ಬಂದ ಮೇಲೆ ಮಾಡೋದಲ್ಲ. ಮೊದಲ ಅರ್ಧ ಮೀಟರಿನಿಂದಲೇ, ಮತ್ತೆ ಮತ್ತೆ ಮಾಡಬೇಕು. ಒತ್ತಡದ ಏರುಪೇರು ಅತಿ ಹೆಚ್ಚು ಇರೋದು ಮೇಲಿನ ಕೆಲವೇ ಮೀಟರುಗಳಲ್ಲಿ. ನೋವಾದ್ರೆ ಸ್ವಲ್ಪ ಮೇಲೆ ಬನ್ನಿ, ಬಲವಂತವಾಗಿ ಊದಬೇಡಿ.

ಚಿಕ್ಕಂದಿನಲ್ಲಿ ಕಿವಿ ಸೋರುತ್ತಿತ್ತು ಅಂತ ಯಾರಾದ್ರೂ ಹೇಳಿದ್ರೆ ಮೊದಲು ಅವರನ್ನ ಕರ್ಕೊಂಡು ಬನ್ನಿ. ತಮಟೆಯಲ್ಲಿ ತೂತು ಉಳಿದಿದ್ರೆ ನೀರು ಒಳಗೆ ಹೋಗುತ್ತೆ, ತಲೆ ತಿರುಗುತ್ತೆ, ನೀರಿನಡಿ ದಿಕ್ಕು ತಪ್ಪುತ್ತೆ. ಕಿವಿಗೆ ಎಣ್ಣೆ ಬಿಡೋ ರೂಢಿ ಇರೋರು ಹೊರಡೋ ಮುಂಚೆ ಅದನ್ನ ನಿಲ್ಲಿಸಿ. ನೆಗಡಿ ಇದ್ದ ದಿನ ಇಳೀಲೇಬಾರದು. ಮೂಗಿಗೆ ಡ್ರಾಪ್ಸ್ ಹಾಕ್ಕೊಂಡು ಇಳಿದವರಿಗೆ ಕೆಳಗಿದ್ದಾಗ ಔಷಧದ ಪ್ರಭಾವ ಇಳಿದು, ಮೇಲೆ ಬರುವಾಗ ಗಾಳಿ ಒಳಗೇ ಸಿಕ್ಕಿಹಾಕಿಕೊಳ್ಳುತ್ತೆ. ಅದು ಇಳಿಯುವಾಗಿನ ನೋವಿಗಿಂತ ಕೆಟ್ಟದ್ದು, ಯಾಕಂದ್ರೆ ಮೇಲೆ ಬರದೇ ವಿಧಿಯಿಲ್ಲ.

ಹತೋಟಿಯಲ್ಲಿರೋ ಬಿಪಿಯವರು ವೈದ್ಯರ ಪತ್ರ ತಗೊಂಡು ಇಳೀಬಹುದು. ಇನ್ಸುಲಿನ್ ತಗೊಳ್ಳೋರು, ಆಸ್ತಮಾ ಇರೋರು, ಹೃದಯದ ತೊಂದರೆ ಇರೋರು ಮೊದಲು ತಮ್ಮ ವೈದ್ಯರನ್ನ ಕೇಳಿ. ಫಿಟ್ಸ್ ಇರೋರು, ಗರ್ಭಿಣಿಯರು ಬೇಡ. ಅಲ್ಲಿ ಒಂದು ಆರೋಗ್ಯದ ಫಾರಂ ಕೊಡ್ತಾರೆ. ಎಲ್ಲದಕ್ಕೂ ಇಲ್ಲ ಇಲ್ಲ ಅಂತ ಗೀಚಿ ಸಹಿ ಹಾಕೋದು ನಮ್ಮ ಜನರ ಅಭ್ಯಾಸ. ಕೈ ಮುಗಿದು ಕೇಳ್ತೀನಿ, ಹಾಗೆ ಮಾಡಬೇಡಿ. ಆ ಫಾರಂ ಮೊದಲೇ ತರಿಸ್ಕೊಂಡು ಊರಲ್ಲೇ ತುಂಬಿಸಿ.

ವಿದ್ಯಾನಗರದ ಅಕ್ಕ:

ಹೆಂಗಸರು ಕೇಳೋಕೆ ಸಂಕೋಚ ಪಡೋ ಪ್ರಶ್ನೆ ನಾನೇ ಕೇಳ್ತೀನಿ. ಈಜುಡುಗೆ ಹಾಕ್ಲೇಬೇಕಾ? ಮಾಂಗಲ್ಯ ಬಿಚ್ಚಬೇಕಾ? ತಿಂಗಳ ರಜೆ ಬಂದ್ರೆ?

ಕೋಟೆನಾಡ ಡೈವರ್:

ಅಕ್ಕ, ಮೇಲೆ ಹಾಕೋ ವೆಟ್‌ಸೂಟ್ ಮೈ ಮುಚ್ಚುತ್ತೆ. ಒಳಗೆ ಲೆಗ್ಗಿಂಗ್ಸ್, ಮೈಗೆ ಅಂಟೋ ಟೀ ಶರ್ಟ್ ಸಾಕು. ಸಡಿಲ ಚೂಡಿದಾರ್, ದುಪಟ್ಟಾ ಮಾತ್ರ ಬೇಡ, ಪೈಪುಗಳಿಗೆ ಸುತ್ತಿಕೊಳ್ಳುತ್ತೆ. ಮಾಂಗಲ್ಯವನ್ನ ವೆಟ್‌ಸೂಟಿನ ಒಳಗೆ ಸೇರಿಸಿ ಜಿಪ್ ಎಳೆದು ಇಳಿಯೋರು ಬಹಳ ಜನ ಇದ್ದಾರೆ. ಕಿವಿಯೋಲೆ, ಬಳೆ, ಉಂಗುರ, ಕಾಲುಂಗುರ ರೂಮಿನಲ್ಲೇ ಇಟ್ಟು ಬನ್ನಿ. ನೀರಿನಲ್ಲಿ ಬೆರಳು ಸ್ವಲ್ಪ ಸಣ್ಣಗಾಗುತ್ತೆ, ಉಂಗುರ ಜಾರಿದ್ರೆ ಮರಳಲ್ಲಿ ಹುಡುಕೋದು ಆಗದ ಮಾತು. ಮುಟ್ಟಾದಾಗ ಡೈವ್ ಮಾಡೋಕೆ ಅಡ್ಡಿಯಿಲ್ಲ, ನಿಮಗೆ ಹಿತ ಅನ್ಸಿದ್ರೆ ಮಾಡಿ. ಗಂಡಸರಿಗೂ ಒಂದು ಮಾತು: ಗಿರಿಜಾ ಮೀಸೆ ಇರೋರಿಗೆ ಮಾಸ್ಕಿನೊಳಗೆ ನೀರು ಜಿನುಗುತ್ತೆ. ಮೀಸೆ ಮೇಲಂಚಿಗೆ ವ್ಯಾಸಲೀನ್ ಹಚ್ಚಿ. ಕನ್ನಡಕದವರು ಪವರ್ ಇರೋ ಮಾಸ್ಕ್ ಬೇಕು ಅಂತ ಮೊದಲೇ ತಿಳಿಸಿ.

ಪಿ.ಜೆ. ಬಡಾವಣೆ:

ಹಾಗಾದ್ರೆ ನೇತ್ರಾಣಿ ಒಳ್ಳೇದಲ್ವಾ? ವಿಮಾನವೇ ಬೇಡ. ಶನಿವಾರ ರಾತ್ರಿ ಹೊರಟು ಭಾನುವಾರ ಡೈವ್ ಮಾಡಿ ರಾತ್ರಿ ಮನೆ.

ಕೋಟೆನಾಡ ಡೈವರ್:

ನೇತ್ರಾಣಿ ನಮ್ಮ ರಾಜ್ಯದ ಹೆಮ್ಮೆ. ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರ್ ಒಳಗೆ, ನೌಕಾಪಡೆಯ ಗುಂಡಿನ ಅಭ್ಯಾಸಕ್ಕೂ ಬಳಸಿದ ದ್ವೀಪ. ಮಳೆಗಾಲದಲ್ಲಿ ಬಂದ್, ಡಿಸೆಂಬರ್ ಜನವರಿಯಲ್ಲಿ ನೀರು ತಿಳಿಯಾಗಿರುತ್ತೆ. ದ್ವೀಪದ ಮೇಲೆ ಇಳಿಯೋದಿಲ್ಲ, ಬೋಟಿನಿಂದ ನೇರ ಆಳದ ನೀರಿಗೆ. ಹ್ಯಾವ್‌ಲಾಕ್‌ನ ನೆಮೋ ರೀಫ್‌ನಲ್ಲಿ ಹಾಗಲ್ಲ. ದಡದಿಂದ ನಡೆದು, ಸೊಂಟದ ಮಟ್ಟದ ನೀರಲ್ಲಿ ನಿಂತು ಅಭ್ಯಾಸ ಮಾಡಿ, ಆಮೇಲೆ ಇಳಿಜಾರಿನಲ್ಲಿ ಮೆಲ್ಲಗೆ ಹೋಗೋದು. ನೀರಿನ ಭಯ ಇರೋ ಗುಂಪಿಗೆ ನನ್ನ ಮತ ಹ್ಯಾವ್‌ಲಾಕಿಗೇ.

ಇನ್ನು ಭಾನುವಾರ ರಾತ್ರಿ ಮನೆ ಅಂದ್ರಲ್ಲ, ಅಲ್ಲೂ ಅದೇ ತೊಡಕಿದೆ. ಘಾಟಿ ಹತ್ತೋದೂ ಎತ್ತರಕ್ಕೆ ಹೋಗೋದೇ. ಡ್ಯಾನ್ ಲೆಕ್ಕ ಶುರುವಾಗೋದೇ 2,000 ಅಡಿಯಿಂದ, ಅಂದ್ರೆ 610 ಮೀಟರ್. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ನಮ್ಮ ಚಿತ್ರದುರ್ಗ 700ಕ್ಕೂ ಮೇಲೆ. ಕರಾವಳಿಯವರಿಗೆ ಈ ಯೋಚನೆ ಬೇಕಿಲ್ಲ, ಬಯಲುಸೀಮೆಯ ನಮಗೆ ಬೇಕು. ಅದಕ್ಕೇ ನಾನು ಊರಿನ ಹುಡುಗರಿಗೆ ಹೇಳೋದು: ಶನಿವಾರ ಡೈವ್ ಮಾಡಿ, ರಾತ್ರಿ ಮುರುಡೇಶ್ವರದಲ್ಲೇ ಮಲಗಿ, ಭಾನುವಾರ ದೇವರ ದರ್ಶನ ಮಾಡಿ ಊಟ ಮುಗಿಸಿ ಜೋಗದ ದಾರಿ ಹಿಡೀರಿ.

ಚಂದ್ರವಳ್ಳಿ:

ನೀವು ಮೀಟರ್ ಮೀಟರ್ ಅಂತೀರಿ, ಎಷ್ಟು ಆಳ ಅಂತ ಕಣ್ಣಿಗೆ ಕಟ್ಟಲ್ಲ. ಪೂರ್ತಿ ಕಲಿತವರು ಎಲ್ಲೀವರೆಗೆ ಹೋಗ್ತಾರೆ?

ಕೋಟೆನಾಡ ಡೈವರ್:

ಹವ್ಯಾಸಿ ಡೈವಿಂಗಿನ ಕೊನೇ ಗಡಿ 40 ಮೀಟರ್, ಅಂದ್ರೆ 130 ಅಡಿ. ನಮ್ಮ ವಾಣಿವಿಲಾಸ ಸಾಗರ 1933ರ ನಂತರ 2022ರಲ್ಲಿ ತುಂಬಿ ಕೋಡಿ ಬಿತ್ತಲ್ಲ, ಪತ್ರಿಕೆಯವರು ದಿನಾ ಬರೀತಿದ್ದ ಆ 130 ಅಡಿಯೇ ಇದು. ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮಾಡಿದವರಿಗೆ 18 ಮೀಟರ್, ಅದರ ಮೇಲಿನ ಅಡ್ವಾನ್ಸ್‌ಡ್ ಕೋರ್ಸಿಗೆ 30.

ವಿದ್ಯಾನಗರದ ಅಕ್ಕ:

ನಮ್ಮ ಮಗಳು ಮಾಲ್ಡೀವ್ಸ್ ಅಂತಿದ್ದಾಳೆ. ಅಲ್ಲಿ ಹೇಗೆ?

ಕೋಟೆನಾಡ ಡೈವರ್:

ವೀಸಾ ಇಳಿದ ಮೇಲೆ ಉಚಿತವಾಗಿ ಸಿಗುತ್ತೆ, ಪಾಸ್‌ಪೋರ್ಟ್ ಬೇಕು. ರೆಸಾರ್ಟ್ ದ್ವೀಪ ದುಬಾರಿ. ಸ್ಥಳೀಯರು ವಾಸಿಸೋ ದ್ವೀಪಗಳ ಗೆಸ್ಟ್‌ಹೌಸ್ ಅಗ್ಗ, ಅಲ್ಲಿ ಮದ್ಯ ಇಲ್ಲ, ಬೀದಿಯಲ್ಲಿ ಮೈ ತುಂಬ ಬಟ್ಟೆ ಇರಬೇಕು. ಶಾರ್ಕ್, ಮಾಂಟಾ ಅನ್ನೋ ಅಗಲದ ಮೀನು ನೋಡೋಕೆ ಅದ್ಭುತ ಜಾಗ. ಆದ್ರೆ ಕೆಲವು ಕಡೆ ಸೆಳವು ಜೋರು. ಮೊದಲ ಸಲಕ್ಕೆ ಹ್ಯಾವ್‌ಲಾಕ್ ಮಾಡಿ, ಕೋರ್ಸ್ ಮುಗಿಸಿದ ಮೇಲೆ ಮಗಳ ಜೊತೆ ಅಲ್ಲಿಗೆ ಹೋಗಿ ಬನ್ನಿ.

ಕುಂದವಾಡ ಏರಿ ಬಳಗ:

ಹೋಗಿ ಬಂದ್ವಿ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟವರಿಗೆ ಬಳಗದ ಎಲ್ಲರ ಪರವಾಗಿ ಧನ್ಯವಾದ. ಮುಂದೆ ಹೋಗೋರಿಗೆ ಉಪಯೋಗ ಆಗಲಿ ಅಂತ ಸ್ವಲ್ಪ ವಿವರವಾಗಿ ಬರೀತೀನಿ.

ಟ್ರಾವೆಲ್ಸ್‌ನವರು ಪಟ್ಟಿ ತಿರುಗಿಸೋಕೆ ಮೊದಲು ಆಗಲ್ಲ ಅಂದ್ರು. ಹಾಗಿದ್ರೆ ಅಡ್ವಾನ್ಸ್ ವಾಪಸ್ ಕೊಡಿ ಅಂದ ಮೇಲೆ ಒಂದೇ ದಿನದಲ್ಲಿ ಆಯ್ತು. ಮೇಡಂ ಹೇಳಿದ ಹಾಗೆ ಎಲ್ಲರ ಕಿವಿ ತೋರಿಸಿದ್ವಿ. ನಮ್ಮ ಮೇಷ್ಟ್ರಿಗೆ ಎಡಗಿವಿ ತಮಟೆಯಲ್ಲಿ ತೂತು ಇರೋದು ಗೊತ್ತಾಯ್ತು, ಅವರಿಗೇ ತಿಳಿದಿರಲಿಲ್ಲ. ಅವರು ಇಳೀಲಿಲ್ಲ. ಅವರನ್ನ ಬಿಟ್ಟು ನಾವೇ ಖುಷಿ ಪಡೋದು ಬೇಡ ಅಂತ ಪೋರ್ಟ್ ಬ್ಲೇರ್ ಎದುರಿನ ನಾರ್ತ್ ಬೇಯಲ್ಲಿ ಎಲ್ಲರೂ ಒಟ್ಟಿಗೆ ಗಾಜಿನ ತಳದ ಬೋಟ್ ಹತ್ತಿದ್ವಿ. ಹಳೇ ಕೆಂಪು 20 ರೂಪಾಯಿ ನೋಟಿನ ಹಿಂದೆ ಇದ್ದ ತೆಂಗಿನ ಮರಗಳ ನೋಟ ಆ ಕಡಲತೀರದ್ದೇ ಅಂತ ಮೇಷ್ಟ್ರೇ ಹೇಳಿದ್ದು.

ಡೈವ್ ದಿನ ಬೆಳಗ್ಗೆ ಎರಡು ಇಡ್ಲಿ, ಬಾಳೆಹಣ್ಣು ಅಷ್ಟೇ ತಿಂದಿದ್ವಿ. ಸೊಂಟದ ನೀರಲ್ಲಿ ನಿಲ್ಲಿಸಿ ಮುಕ್ಕಾಲು ಗಂಟೆ ಕಲಿಸಿದ್ರು. ಉಸಿರಾಡೋಕೆ ಬಾಯಲ್ಲಿ ಕಚ್ಚಿಕೊಳ್ಳೋ ರೆಗ್ಯುಲೇಟರ್ ತೆಗೆದು ಮತ್ತೆ ಹಾಕ್ಕೊಳ್ಳೋದು, ಮಾಸ್ಕಿಗೆ ನೀರು ಬಂದ್ರೆ ಮೂಗಿನಿಂದ ಊದಿ ಹೊರಗೆ ಹಾಕೋದು. ಕೈಸನ್ನೆಯಲ್ಲಿ ಎಲ್ಲರೂ ಎಡವೋ ಜಾಗ ಒಂದಿದೆ. ಹೆಬ್ಬೆರಳು ಎತ್ತಿದ್ರೆ ಚೆನ್ನಾಗಿದೆ ಅಂತಲ್ಲ, ಮೇಲೆ ಕರ್ಕೊಂಡು ಹೋಗಿ ಅಂತ ಅರ್ಥ. ಚೆನ್ನಾಗಿದೆ ಅನ್ನೋಕೆ ಹೆಬ್ಬೆರಳು ತೋರುಬೆರಳು ಸೇರಿಸಿ ಉಂಗುರ ಮಾಡಬೇಕು. ಇದನ್ನ ಮನೆಯಲ್ಲೇ ರೂಢಿ ಮಾಡಿಸ್ಕೊಂಡು ಹೋಗಿ.

ನಮ್ಮ ಮನೆಯವರಿಗೆ ಈಜು ಬರಲ್ಲ, ಕೆರೆಯಲ್ಲಿ ಕಾಲು ಇಳಿಬಿಡೋಕೂ ಹೆದರೋರು. ಅವರೇ ನಮ್ಮೆಲ್ಲರಿಗಿಂತ ಶಾಂತವಾಗಿ ಉಸಿರಾಡಿದ್ರು ಅಂತ ಇನ್‌ಸ್ಟ್ರಕ್ಟರ್ ಹೊಗಳಿದ್ರು. ಕೆಳಗೆ ಹೋಗ್ತಾ ನನ್ನ ಮಣಿಕಟ್ಟಿನ ಕೆಂಪು ದಾರ ಕಂದಾಗಿ, ಆಮೇಲೆ ಕಪ್ಪಾಗೇ ಕಂಡಿತು. ನೀರು ಕೆಂಪು ಬೆಳಕನ್ನ ಮೊದಲು ನುಂಗುತ್ತಂತೆ. ಇನ್‌ಸ್ಟ್ರಕ್ಟರ್ ಟಾರ್ಚ್ ಹಾಕಿದ ತಕ್ಷಣ ದಾರ ಮತ್ತೆ ಕೆಂಪಗಾಯ್ತು. ಗಿಳಿಮೀನು ಹವಳವನ್ನ ಕಡಿಯೋ ಕಟಕಟ ಸದ್ದು ನಮಗೆ ಸ್ಪಷ್ಟವಾಗಿ ಕೇಳ್ತಿತ್ತು. ಸಮುದ್ರದೊಳಗೆ ಸದ್ದೇ ಇರಲ್ಲ ಅಂದ್ಕೊಂಡಿದ್ದೆ.

ಮನಸ್ಸಿಗೆ ನೋವಾಗಿದ್ದೂ ಒಂದಿದೆ. ಕೆಲವು ಕಡೆ ಹವಳ ಬೆಳ್ಳಗೆ ಸತ್ತು ಬಿದ್ದಿದೆ. 2010ರಲ್ಲಿ, 2016ರಲ್ಲಿ ಸಮುದ್ರ ಕಾದು ಅಲ್ಲಿನ ಹವಳ ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡಿತ್ತಂತೆ. ಹವಳ ಕಲ್ಲಲ್ಲ, ಜೀವ. ಅದರ ಮೇಲೆ ನಿಂತು ಫೋಟೋ ತೆಗೆಸ್ಕೊಳ್ತಿದ್ದ ಇನ್ನೊಂದು ಗುಂಪನ್ನ ನೋಡಿ ನಿಜಕ್ಕೂ ಸಂಕಟ ಆಯ್ತು. ಅವರ ಗೈಡ್ ಒಂದು ಮಾತೂ ಆಡಲಿಲ್ಲ. ದಡದಲ್ಲಿ ಬಿದ್ದಿರೋ ಹವಳದ ಚೂರನ್ನೂ ತರೋ ಹಾಗಿಲ್ಲ. 1972ರ ವನ್ಯಜೀವಿ ಕಾಯ್ದೆಯಲ್ಲಿ ಹವಳಕ್ಕೆ ರಕ್ಷಣೆ ಇದೆ, ವಿಮಾನ ನಿಲ್ದಾಣದಲ್ಲಿ ಬ್ಯಾಗ್ ತೆಗೆಸಿ ನೋಡ್ತಾರೆ. ಮಕ್ಕಳ ಜೇಬು ನೀವೇ ಮೊದಲು ನೋಡ್ಕೊಳ್ಳಿ.

ಹರಿಹರ ಹೊಳೆದಂಡೆ:

ಓದಿ ಭಾಳ ಖುಷಿ ಆತು ಅಣ್ಣಾರ. ಕೋಟೆನಾಡಿನೋರೆ, ನನಗೆ ಪೂರ್ತಿ ಕಲಿಯೋ ಮನಸ್ಸೈತಿ. ಓಪನ್ ವಾಟರ್ ಕೋರ್ಸಿಗೆ ಈಜು ಎಷ್ಟು ಬರಬೇಕು?

ಕೋಟೆನಾಡ ಡೈವರ್:

200 ಮೀಟರ್ ನಿಲ್ಲದೆ ಈಜಬೇಕು, ಸಮಯದ ಗಡಿ ಇಲ್ಲ. ಆಮೇಲೆ ಹತ್ತು ನಿಮಿಷ ಏನೂ ಹಿಡಿಯದೆ ತೇಲಬೇಕು. ಹೊಳೆಯಲ್ಲಿ ಬೆಳೆದ ನಿಮಗೆ ಇದು ದೊಡ್ಡದಲ್ಲ. ಮೂರು ನಾಲ್ಕು ದಿನದ ಕೋರ್ಸ್, ಪಾಠದ ಭಾಗ ಊರಲ್ಲೇ ಮೊಬೈಲಿನಲ್ಲಿ ಓದಿ ಮುಗಿಸಬಹುದು. ಮಾರ್ಚ್, ಏಪ್ರಿಲ್‌ನಲ್ಲಿ ಸಮುದ್ರ ಶಾಂತ ಇರುತ್ತೆ, ಆಗ ಬನ್ನಿ. ಅದಕ್ಕೂ ಮೊದಲು ಮೇಡಂ ಹತ್ರ ಕಿವಿ ತೋರಿಸಿ, ಆರೋಗ್ಯದ ಫಾರಂ ತುಂಬಿಸಿ ಇಟ್ಕೊಳ್ಳಿ ಅಣ್ಣಾ. ವಾಪಸ್ ಟಿಕೆಟ್ ಮಾಡಿಸುವಾಗ ಕೊನೇ ಡೈವಿನ ಮಾರನೇ ದಿನ ಖಾಲಿ ಬಿಡಿ.